ಮನೆಗಾಡಿಯ ಬಾಗಿಲಲ್ಲಿ ಕೂತ ವಾಸನೆ

ದೆವ್ವ, ಗಾಳಿ, ಸತ್ತವರು ಬರುವುದು, ಇವೆಲ್ಲ ಬೇರೆ ಕೆಲಸವಿಲ್ಲದವರ ಮಾತು ಅಂತಲೇ ನಾನು ಐವತ್ತಮೂರು ವರ್ಷ ಬದುಕಿದೆ. ಯಾರಾದರೂ ನನ್ನೆದುರು ಅಂಥ ಕಥೆ ಶುರು ಮಾಡಿದರೆ ಎದ್ದು ಒಳಗೆ ಹೋಗಿ ಪಾತ್ರೆ ತೊಳೆಯುತ್ತಾ ಇದ್ದುಬಿಡುತ್ತಿದ್ದೆ. ಈಗಲೂ ನಂಬಿದ್ದೇನೆ ಅಂತ ಹೇಳಲಾರೆ. ಆದರೆ ಮೂರು ವರ್ಷದ ಹಿಂದೆ ನಮ್ಮ ಮನೆಯ ಮುಂದೆ ಹಾಡಹಗಲಲ್ಲಿ ನಡೆದದ್ದನ್ನು ನಡೆದೇ ಇಲ್ಲ ಅನ್ನುವುದಕ್ಕೂ ಬಾಯಿ ಬರುತ್ತಿಲ್ಲ. ಭಯವಾಯಿತಾ ಅಂತ ಕೇಳುತ್ತಾರೆ. ಭಯವಲ್ಲ, ಸಿಟ್ಟು ಬಂತು. ಇವತ್ತು ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ.

ನಾನಿರುವುದು ಮಂಡ್ಯದ ಗುತ್ತಲಿನಲ್ಲಿ. ಮದುವೆ ಹೆಣ್ಣುಗಳಿಗೆ ಸೀರೆ ಉಡಿಸಿ, ಜಡೆ ಹಾಕಿ, ಅಲಂಕಾರ ಮಾಡುವುದು ನನ್ನ ಕೆಲಸ. ಯಜಮಾನರು ತೀರಿಕೊಂಡ ಮೇಲೆ ಕಲಿತ ಕೆಲಸ ಇದು. ಅವರಿದ್ದಾಗ ಬೀದಿ ಕೊನೆಯ ಅಂಗಡಿಗೂ ಒಬ್ಬಳೇ ಹೋದವಳಲ್ಲ. ಅವರು ಕುಡಿದವರಲ್ಲ, ಕೈ ಎತ್ತಿದವರೂ ಅಲ್ಲ. ಕಚೇರಿಯಲ್ಲಿ, ಬೀದಿಯಲ್ಲಿ ಎಲ್ಲರೂ ದೇವರಂಥ ಮನುಷ್ಯ ಅನ್ನುತ್ತಿದ್ದರು. ನಾನು ಚಪ್ಪಲಿ ಮೆಟ್ಟಿದ ಸದ್ದು ಕೇಳಿದರೆ ಸಾಕು, ‘ಎಲ್ಲಿಗೆ?’ ಅನ್ನುತ್ತಿದ್ದರು. ಅಷ್ಟೆ. ಆ ಒಂದು ಮಾತಿನ ದನಿಗೇ ನಾನು ಚಪ್ಪಲಿ ಬಿಟ್ಟು ಒಳಗೆ ಬಂದುಬಿಡುತ್ತಿದ್ದೆ. ಇಪ್ಪತ್ತಾರು ವರ್ಷ ಹಾಗೇ ಕಳೆಯಿತು.

ನನ್ನ ಜತೆ ಕೆಲಸ ಮಾಡುವವಳು ಮದ್ದೂರಿನ ಸವಿತ. ಮೇಕಪ್ಪಿನಲ್ಲಿ ನನಗಿಂತ ಚುರುಕು. ಯಜಮಾನರು ಹೋಗಿ ಎರಡು ವರ್ಷವಾದ ಮೇಲೆ ಪರಿಚಯವಾದವಳು. ನಮ್ಮ ಕಡೆ ಛತ್ರಗಳಲ್ಲಿ ಹೆಣ್ಣಿನ ಕೋಣೆ ಅಂದರೆ ಒಂದು ಮಂಕು ಟ್ಯೂಬ್‌ಲೈಟು, ಮೊಳೆಗೆ ನೇತುಹಾಕಿದ ಒಂದು ಕನ್ನಡಿ, ಸುತ್ತ ಹದಿನೈದು ಜನ ನೆಂಟರು, ಅವರ ಬ್ಯಾಗು, ಅಳುವ ಕೂಸು. ನಮ್ಮದೇ ಒಂದು ಗಾಡಿ ಇದ್ದರೆ, ಅದರೊಳಗೇ ಕನ್ನಡಿ, ದೀಪ, ಕುರ್ಚಿ ಇದ್ದರೆ, ಯಾವ ಊರಿಗೆ ಬೇಕಾದರೂ ಎಳೆದುಕೊಂಡು ಹೋಗಬಹುದಲ್ಲ ಅನ್ನಿಸಿತು. ಸವಿತಳ ಗಂಡನ ಹತ್ತಿರ ಜೀಪಿತ್ತು. ನನಗೆ ಇನ್ನೊಂದು ಆಸೆಯೂ ಇತ್ತು, ಯಾರಿಗೂ ಹೇಳಿರಲಿಲ್ಲ. ಮದುವೆಗಳಿಲ್ಲದ ತಿಂಗಳಲ್ಲಿ ಅದನ್ನು ಹೊಳೆ ದಡದಲ್ಲೆಲ್ಲಾದರೂ ನಿಲ್ಲಿಸಿಕೊಂಡು, ನನ್ನ ಪಾಡಿಗೆ ನಾನು ನಾಲ್ಕು ದಿನ ಇರಬೇಕು ಅಂತ.

ಪೂರಿಗಾಲಿಯ ಹತ್ತಿರ ಒಬ್ಬರು ಪ್ರವಾಸಿಗಳಿಗೆ ಅಂತ ತರಿಸಿದ್ದ ಕ್ಯಾರವಾನ್ ಮಾರಾಟಕ್ಕಿದೆ ಅಂತ ತಿಳಿಯಿತು. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆಗಾಡಿ. ಒಳಗೆ ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಬಚ್ಚಲು ಎಲ್ಲಾ ಇತ್ತು. ನೋಡಲು ಹೋದ ದಿನ ಆ ಪುಣ್ಯಾತ್ಮ ಒಳಗೆಲ್ಲ ಮಲ್ಲಿಗೆ ಸೆಂಟು ಹೊಡೆದು, ನಾಲ್ಕು ಊದುಬತ್ತಿ ಹಚ್ಚಿಟ್ಟಿದ್ದ. ‘ದೇವಸ್ಥಾನ ಇದ್ದಂಗದೆ ನೋಡಿ ಮೇಡಂ’ ಅಂದ. ಮನೆಗೆ ತಂದು ಎರಡು ದಿನ ಬಾಗಿಲು ಮುಚ್ಚಿಟ್ಟು ತೆಗೆದರೆ, ಅಬ್ಬಬ್ಬಾ! ಸತ್ತ ಇಲಿ, ಬೂಷ್ಟು, ಕೊಳೆತ ನೀರು, ಯಾರೋ ಯಾವ ಕಾಲದಲ್ಲೋ ಹುರಿದ ಮೀನು, ಎಲ್ಲಾ ಸೇರಿ ಮುಖಕ್ಕೆ ರಾಚಿತು. ಫೋನ್ ಮಾಡಿದರೆ ಆ ಮನುಷ್ಯ, ‘ಹಳೇ ಗಾಡಿ ಅಂದ್ಮೇಲೆ ಅಷ್ಟಿಷ್ಟು ಇರ್ತದೆ, ಸಾಂಬ್ರಾಣಿ ಹಾಕಿ’ ಅಂದ. ನಾಚಿಕೆ ಬೇಡವೇ?

ಆಗಲೇ ನಾನು ಹಟ ಹಿಡಿದೆ. ಈ ನಾತದ ಮೇಲೆ ಇನ್ನೊಂದು ವಾಸನೆ ಬಳಿಯುವುದಿಲ್ಲ, ಅದರ ಬುಡವನ್ನೇ ಕೀಳುತ್ತೇನೆ ಅಂತ. ಮೊದಲು ಒಳಗಿದ್ದದ್ದೆಲ್ಲ ಹೊರಗೆ ಹಾಕಿದೆವು. ಹಾಸಿಗೆಯ ಫೋಮು ಒಳಗೊಳಗೇ ಕಪ್ಪಗಾಗಿತ್ತು, ಎಸೆದೆವು. ಪರದೆ, ನೆಲದ ಕಾರ್ಪೆಟ್ಟು ಕಿತ್ತೆವು. ಮಂಚದ ಕೆಳಗಿನ ಗೂಡಿನಲ್ಲಿ ಇಲಿ ಹತ್ತಿ ಕೂಡಿಟ್ಟು ಸಂಸಾರ ಹೂಡಿತ್ತು. ಮೇಲ್ಛಾವಣಿಯ ಗಾಳಿಕಿಂಡಿಯ ಸುತ್ತ ಮಳೆ ನೀರು ಇಳಿದು ಹಲಗೆ ನೆಂದು ಉಬ್ಬಿತ್ತು. ಅದನ್ನು ಬಿಚ್ಚಿಸಿ, ಹೊಸ ಹಲಗೆ ಹಾಕಿಸಿ, ಕಿಂಡಿಗೆ ಅಂಟು ತುಂಬಿಸಿದೆ. ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರು ಹಾಕಿ ಮೂರು ಸಲ ತೊಳೆದೆವು. ಗೋಡೆಗಳನ್ನು ಮೇಲಿನಿಂದ ಕೆಳಗೆ ಸೋಪಿನ ನೀರಿನಲ್ಲಿ ಉಜ್ಜಿ, ಒಣಗಿಸಿ, ಮತ್ತೆ ನೀರು ಬೆರೆಸಿದ ವಿನಿಗರ್‌ನಲ್ಲಿ ಒರೆಸಿದೆವು. ಮೂಲೆ ಮೂಲೆಗೆ ಅಡುಗೆ ಸೋಡಾ ಚೆಲ್ಲಿ ರಾತ್ರಿಯೆಲ್ಲ ಬಿಟ್ಟು ಗುಡಿಸಿದೆವು. ತಟ್ಟೆಗಳಲ್ಲಿ ಇದ್ದಿಲು ಇಟ್ಟೆವು. ಆಮೇಲೆ ಕಿಟಕಿ ಬಾಗಿಲು ಎಲ್ಲಾ ತೆಗೆದು ಬಿಸಿಲಿಗೆ ಬಿಟ್ಟೆವು.

ಹತ್ತು ದಿನದ ಕೆಲಸ. ಬೀದಿಯವರೆಲ್ಲ ಬಂದು ಮೂಗು ಮುಚ್ಚಿಕೊಂಡು ನೋಡಿ, ‘ಯಾರೋ ಇದ್ರಲ್ಲೇ ಸತ್ತಿರ್ಬೇಕು’ ಅಂತ ಹೇಳಿ ಹೋದರು. ಬಕೆಟ್ಟು ಹಿಡಿಯಲು ಒಬ್ಬರೂ ಬರಲಿಲ್ಲ. ಹತ್ತನೆಯ ದಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಉಸಿರೆಳೆದೆ. ಏನೂ ಇಲ್ಲ. ಹೊಸ ಹಲಗೆಯ ವಾಸನೆ ಒಂದಿಷ್ಟು, ಅಷ್ಟೆ. ಜೀವಮಾನದಲ್ಲಿ ನನ್ನದು ಅಂತ ಒಂದು ಜಾಗ ಸಿಕ್ಕಿತು ಅನ್ನಿಸಿ, ಹೇಳಲು ನಾಚಿಕೆ, ಅಲ್ಲೇ ಕೂತು ಅತ್ತೆ.

ಮಾರನೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತು. ಸವಿತ ಕನ್ನಡಿ ಕೂರಿಸುವುದಕ್ಕೆ ಅಂತ ಬಂದು ಬಾಗಿಲು ತೆಗೆದವಳು ಅಲ್ಲಿಂದಲೇ ಕೂಗಿದಳು.

‘ಅಕ್ಕಾ, ನಸ್ಯ ಏರ್ಸೋರು ಯಾರಾದ್ರೂ ಬಂದಿದ್ರಾ?’

ನಾನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ. ಬಟ್ಟೆ ಅಲ್ಲೇ ಬಿಟ್ಟು ಗಾಡಿಯ ಹತ್ತಿರ ಬಂದೆ.

‘ನಸ್ಯ ಒಂದೇ ಅಲ್ಲ ಕಣಕ್ಕ, ಲವಂಗದೆಣ್ಣೆನೂ ಬೆರ್ತಂಗದೆ. ಈ ಥರ ವಾಸ್ನೆ ನಾನೆಲ್ಲೂ ಕಂಡಿಲ್ಲ.’

ನಾನು ಕಂಡಿದ್ದೆ. ಯಜಮಾನರಿಗೆ ಹಲ್ಲು ನೋವಿಗೆ ಅಂತ ತಂದ ಲವಂಗದೆಣ್ಣೆಯನ್ನು ನಶ್ಯದ ಡಬ್ಬಿಗೆ ಎರಡು ತೊಟ್ಟು ಬಿಟ್ಟುಕೊಳ್ಳುವ ಅಭ್ಯಾಸ. ಹಾಗೆ ಮಾಡುವ ಇನ್ನೊಬ್ಬರನ್ನು ನಾನು ನೋಡಿಲ್ಲ. ಅವರು ಹೋದ ಮೇಲೆ ಅವರ ಬಟ್ಟೆ, ಕುರ್ಚಿ, ಗೋಡೆಯ ಕಲೆ ಎಲ್ಲವನ್ನೂ ತೊಳೆದು, ಸುಣ್ಣ ಹೊಡೆಸಿ, ಆ ವಾಸನೆಯನ್ನು ಮನೆಯಿಂದ ಕಳಿಸಲು ನನಗೆ ಒಂದು ವರ್ಷ ಹಿಡಿದಿತ್ತು. ಸವಿತಳಿಗೆ ಇದನ್ನು ನಾನು ಯಾವತ್ತೂ ಹೇಳಿರಲಿಲ್ಲ. ಹೇಳುವಂಥ ವಿಷಯವೇ ಅಲ್ಲ.

ಒಳಗೆ ಹೋದೆ. ಅದೇ, ಸಂಶಯವೇ ಬೇಡ. ಅದೂ ಎಲ್ಲಾ ಕಡೆ ಇರಲಿಲ್ಲ. ಮಂಚದ ಹತ್ತಿರ ಇಲ್ಲ, ಅಡುಗೆ ಕಟ್ಟೆಯ ಹತ್ತಿರ ಇಲ್ಲ. ಬಾಗಿಲ ಪಕ್ಕ, ಒಬ್ಬರು ಕುರ್ಚಿ ಹಾಕಿಕೊಂಡು ಕೂರುವಷ್ಟು ಜಾಗದಲ್ಲಿ ಮಾತ್ರ. ಮನೆಯಲ್ಲೂ ಅವರು ಕೂರುತ್ತಿದ್ದದ್ದು ತಲೆಬಾಗಿಲ ಪಕ್ಕದಲ್ಲೇ.

ನಾನು ಸುಮ್ಮನೆ ನಂಬುವವಳಲ್ಲ. ಆ ಜಾಗದ ಹಲಗೆ ಬಿಚ್ಚಿಸಿದೆ. ಕೆಳಗೆ ಬರೀ ಕಬ್ಬಿಣದ ಪಟ್ಟಿ, ಮತ್ತೇನಿಲ್ಲ. ಪೂರಿಗಾಲಿಯವನಿಗೆ ಫೋನ್ ಮಾಡಿ ನಶ್ಯ ಹಾಕುವವರು ಯಾರಾದರೂ ಇದರಲ್ಲಿ ಇದ್ದರಾ ಅಂತ ಕೇಳಿದೆ. ‘ಬರ್ತಿದ್ದೋರೆಲ್ಲ ವಯಸ್ಸಿನ ಹುಡುಗ್ರು ಮೇಡಂ, ನಶ್ಯ ಎಲ್ಲಿಂದ ಬಂತು?’ ಅಂತ ನಕ್ಕ. ವಿನಿಗರ್, ಸೋಡಾ, ಇದ್ದಿಲು, ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಿದೆ. ಸತ್ತ ಇಲಿಯ ನಾತ ಹೋದ ಗಾಡಿಯಲ್ಲಿ ಈ ವಾಸನೆ ಒಂದಿಷ್ಟೂ ಅಲುಗಲಿಲ್ಲ. ಬಿಸಿಲಿಗಿಟ್ಟರೂ ಅಷ್ಟೇ, ಮುಚ್ಚಿಟ್ಟರೂ ಅಷ್ಟೇ.

ಇದನ್ನು ಸವಿತ ಯಾರಿಗೆ ಹೇಳಿದಳೋ, ಅದು ಬಸರಾಳಿನಲ್ಲಿರುವ ನಮ್ಮ ನಾದಿನಿ ಜಯಮ್ಮನ ಕಿವಿಗೆ ಬಿತ್ತು. ಅಣ್ಣ ಅಂದರೆ ಅವಳಿಗೆ ಪ್ರಾಣ. ಮಧ್ಯಾಹ್ನದ ಬಸ್ಸಿಗೆ ಬಂದಳು. ಬಂದವಳು ಮನೆಯೊಳಗೆ ಕಾಲಿಡದೆ ನೇರ ಗಾಡಿ ಹತ್ತಿ, ಬಾಗಿಲ ಪಕ್ಕದ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತಳು.

‘ಅಣ್ಣಯ್ಯ ಬಂದವ್ನೆ ಕಣತ್ಗೆ. ನೀವು ಒಬ್ರೇ ಊರೂರು ತಿರುಗ್ತೀರಿ ಅಂತ ಜತೆಗೆ ಬಂದವ್ನೆ. ಎಷ್ಟ್ ಪ್ರೀತಿ ಮಡಗಿದ್ನೋ ನೋಡಿ. ಓಡಿಸ್ಬ್ಯಾಡಿ. ಇಲ್ಲೊಂದು ಫೋಟೋ ಆಕಿ, ದಿನಾ ದೀಪ ಅಚ್ಚಿ.’

‘ಇದು ಬಾಡಿಗೆಗೆ ಹೋಗೋ ಗಾಡಿ ಜಯಮ್ಮ. ನಾಡಿದ್ದು ಮಳವಳ್ಳೀಲಿ ಮದುವೆ ಇದೆ. ಹೆಣ್ಣು ಇದರಲ್ಲೇ ಸೀರೆ ಉಡಬೇಕು.’

‘ಗಂಡುನ್ಗಿಂತ ಬಾಡಿಗೆ ಎಚ್ಚಾಯ್ತಾ ನಿಮ್ಗೆ? ಅವ್ನಿದ್ದಾಗ ಒಸ್ಲು ದಾಟ್ದೋರಲ್ಲ ನೀವು. ಈಗ ಮನೆಗೇ ಗಾಲಿ ಕಟ್ಕಂಡು ಒಂಟಿದ್ದೀರಿ.’

ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳು ಕಂಡದ್ದು ಅಣ್ಣನನ್ನು, ನಾನು ಕಂಡದ್ದು ಗಂಡನನ್ನು. ಆದರೆ ‘ಪ್ರೀತಿ’ ಅನ್ನುವ ಆ ಮಾತು ನನ್ನೊಳಗೆ ಬೆಂಕಿ ಹಚ್ಚಿತು. ಅವತ್ತಿಂದ ಬಂದವರೆಲ್ಲ ಅದನ್ನೇ ಹೇಳಿದರು. ಶಾಂತಿ ಮಾಡಿಸಿ, ಅವರ ಆತ್ಮಕ್ಕೆ ನೆಮ್ಮದಿಯಿಲ್ಲ ಅಂತ. ಇಪ್ಪತ್ತಾರು ವರ್ಷದಲ್ಲಿ ನನಗೆ ನೆಮ್ಮದಿ ಇದೆಯಾ ಅಂತ ಕೇಳಿದವರು ಈ ಬೀದಿಯಲ್ಲಿ ಯಾರಿದ್ದರು? ಸತ್ತವರಿಗೆ ಕೊಡುವ ಮರ್ಯಾದೆಯಲ್ಲಿ ಕಾಲು ಭಾಗ ಬದುಕಿರುವವರಿಗೆ ಕೊಡಬಾರದೇ?

ಮಳವಳ್ಳಿಗೆ ಹೊರಡುವ ಬೆಳಗ್ಗೆ ಜೀಪು ಬಂತು. ಸವಿತಳ ಗಂಡ ಮುಂದೆ ಕೊಂಡಿ ಸಿಕ್ಕಿಸುತ್ತಿದ್ದ. ಸವಿತ ಮೇಕಪ್ ಪೆಟ್ಟಿಗೆ ಹಿಡಿದು ಗಾಡಿಯ ಮೆಟ್ಟಿಲ ಕೆಳಗೆ ನಿಂತಿದ್ದಳು. ಸೂರ್ಯ ಆಗಲೇ ಮನೆಗಳ ಮೇಲೆ ಬಂದಿದ್ದ, ಹಾಲಿನವನು ಹೋಗುತ್ತಿದ್ದ, ಎದುರು ಮನೆಯವರು ರಂಗೋಲಿ ಹಾಕುತ್ತಿದ್ದರು. ನಾನು ಸೀರೆಗಳ ಚೀಲ ಹಿಡಿದು ಗಾಡಿ ಹತ್ತಿದೆ. ವಾಸನೆ ಬಾಗಿಲಲ್ಲೇ ಇತ್ತು. ಹಿಂದಿನ ದಿನಗಳಿಗಿಂತ ಜೋರಾಗಿತ್ತು, ಈಗ ತಾನೇ ಡಬ್ಬಿ ತೆರೆದ ಹಾಗೆ.

ನನ್ನ ಕಾಲು ತಾನಾಗಿ ಹಿಂದಕ್ಕೆ ಬಂತು. ನಿಜ ಹೇಳುತ್ತೇನೆ, ಚೀಲ ಕೆಳಗಿಟ್ಟು ಬರುವುದಿಲ್ಲ ಅಂತ ಹೇಳಿಬಿಡುವುದರಲ್ಲಿದ್ದೆ. ಆ ಹಳೆಯ ಅಭ್ಯಾಸ ನನ್ನ ಮೈಯಲ್ಲಿ ಇನ್ನೂ ಇದೆ ಅಂತ ಗೊತ್ತಾದ ಕ್ಷಣ ಎಲ್ಲಿತ್ತೋ ಆ ರೋಷ, ಉಕ್ಕಿ ಬಂತು. ಖಾಲಿ ಜಾಗ ನೋಡಿಕೊಂಡು ಜೋರಾಗಿ ಹೇಳಿದೆ:

‘ಏಳ್ರೀ ಮೇಲೆ. ಇದು ನಿಮ್ಮ ಮನೆಯಲ್ಲ, ನನ್ನ ಗಾಡಿ. ಹತ್ತು ದಿನ ನಾನು ಉಜ್ಜಿರೋದು. ನನಗೆ ಕೆಲಸ ಇದೆ. ಇಳೀರಿ ಕೆಳಗೆ.’

ರಂಗೋಲಿ ಹಾಕುತ್ತಿದ್ದವರು ತಲೆಯೆತ್ತಿ ನೋಡಿದರು. ನೋಡಲಿ ಅನ್ನಿಸಿತು.

ವಾಸನೆ ನನ್ನ ಎಡಗಡೆಯಿಂದ ಮುಖದ ಪಕ್ಕದಲ್ಲೇ ಹಾದು ಹೋಯಿತು. ಗಾಳಿ ಬೀಸಿರಲಿಲ್ಲ. ಅದೇ ಹೊತ್ತಿಗೆ ಕೆಳಗಿದ್ದ ಸವಿತ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಮೆಟ್ಟಿಲ ಮುಂದಿನಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು. ಬಸ್ಸಿನಿಂದ ಇಳಿಯುವವರಿಗೆ ನಾವು ದಾರಿ ಬಿಡುತ್ತೇವಲ್ಲ, ಹಾಗೆ.

‘ಯಾಕೆ ಸರಿದೆ?’ ಅಂತ ಕೇಳಿದೆ.

ಅವಳು ಕಣ್ಣು ಕಣ್ಣು ಬಿಟ್ಟಳು. ‘ಗೊತ್ತಿಲ್ಲ ಕಣಕ್ಕ. ಯಾರೋ ಇಳೀತಾವ್ರೆ ಅನ್ನಿಸ್ತು.’

ಒಳಗೆ ಹೊಸ ಹಲಗೆಯ ವಾಸನೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಮಳವಳ್ಳಿಯ ಹೆಣ್ಣು ಆ ಬಾಗಿಲ ಪಕ್ಕದಲ್ಲೇ ಕೂತು ಹೂ ಮುಡಿದಳು. ಆಮೇಲೆ ಈ ಮೂರು ವರ್ಷದಲ್ಲಿ ಒಂದು ದಿನವೂ ಆ ವಾಸನೆ ಬಂದಿಲ್ಲ.

ತಿಳಿದವರನ್ನು ಕೇಳಿದ್ದೇನೆ. ಹಳೇ ಹಲಗೆಯ ಅಂಟು ಬಿಸಿಲಿಗೆ ಹಾಗೆ ನಾರುತ್ತದೆ ಅಂದರು ಒಬ್ಬರು. ನಿಮ್ಮ ಮನಸ್ಸಿನ ಭ್ರಮೆ ಅಂದರು ಇನ್ನೊಬ್ಬರು. ನನ್ನ ಭ್ರಮೆ ಸವಿತಳ ಮೂಗಿಗೆ ಹೇಗೆ ಹತ್ತಿತು ಅಂದರೆ ಇಬ್ಬರೂ ಮಾತು ಬದಲಿಸಿದರು.

ಬಂದದ್ದು ಏನು ಅನ್ನುವುದು ಹಾಗಿರಲಿ. ನನಗೆ ಸಿಟ್ಟು ಬರುವುದು ಅದು ಹೋದ ರೀತಿಗೆ. ಒಂದು ವಾದವಿಲ್ಲ, ಒಂದು ಕೊಂಕಿಲ್ಲ, ಹೇಳಿದ ತಕ್ಷಣ ಎದ್ದು ಹೋಗುವುದೇ? ಅವರು ಬದುಕಿದ್ದಾಗ ಒಂದು ದಿನ ನಾನು ಹೀಗೆ ಗಟ್ಟಿಯಾಗಿ ಹೇಳಿದ್ದರೆ ಸುಮ್ಮನೆ ದಾರಿ ಬಿಡುತ್ತಿದ್ದರೇ? ಗಾಡಿ ಎಲ್ಲಿ ನಿಲ್ಲಿಸಿದರೂ, ಮಲಗುವ ಮುಂಚೆ ಇದೊಂದನ್ನು ಕೇಳಿಕೊಳ್ಳುತ್ತೇನೆ. ಬಿಡುತ್ತಿದ್ದರು ಅಂದುಕೊಂಡರೆ ನನ್ನ ಮೇಲೆ ಸಿಟ್ಟು, ಇಲ್ಲ ಅಂದುಕೊಂಡರೆ ಅವರ ಮೇಲೆ.