ಬೀಗರ ಇಂಜಿನ್‌ಗಿಂತ ದೊಡ್ಡದು

ಗೆಳೆಯರಾ, ಇವತ್ತು ನಮ್ಮ ಇಂಜಿನ್ ಅಂಗಡ್ಯಾಗ ನಾ ಒಂದು ತಾಸು ಮಾತಾಡಿದ್ದು ಪೂರಾ ದಂಡ ಆತು.

ಕುರುಗೋಡಿನ ಗೌಡ್ರೊಬ್ಬರು ಬಾವಿಗೆ ಡೀಸೆಲ್ ಇಂಜಿನ್ ಕೊಳ್ಳಾಕ ಬಳ್ಳಾರಿಗೆ ಬಂದಿದ್ರು. ಸಲಹಾ ಕೊಡಾಕ ಅಂತ ಸಿರುಗುಪ್ಪದ ಬೀಗರನ್ನೂ ಜೋಡಿ ಕರ್ಕೊಂಡು ಬಂದಿದ್ರು. ನಾನು ಮೂರು, ಐದು, ಎಂಟು ಎಚ್‌ಪಿ ಇಂಜಿನ್ ಸಾಲಾಗಿ ತೋರಿಸಿ, ಯಾವುದರ ತೂಕ ಎಷ್ಟು, ರೇಟು ಎಷ್ಟು, ತಾಸಿಗೆ ಎಷ್ಟು ಡೀಸೆಲ್ ಕುಡಿತೈತಿ ಅಂತ ಗಂಟಲು ಒಣಗೋತನಕ ಹೇಳಿದೆ. ಗೌಡ್ರು ಕೇಳಿದ್ದು ಒಂದ ಮಾತು: "ನಮ್ಮ ಬೀಗರ ಹೊಲದಾಗ ಇರೋದು ಎಷ್ಟರದು?"

ಬೀಗರು ಮೀಸಿ ಮ್ಯಾಲೆ ಕೈ ಆಡಿಸಿ "ಐದರದು" ಅಂದ್ರು.

"ಹಂಗಾರ ನನಗ ಎಂಟರದು ಕೊಡ್ರಿ."

"ಗೌಡ್ರ, ನೀವು ಹೇಳೋ ಬಾವಿಗೆ ಮೂರರದು ಸಾಕ್ರಿ. ಎಂಟರದು ಹಚ್ಚಿದ್ರ ಅರ್ಧ ತಾಸಿನಾಗ ತಳ ಕಾಣತೈತಿ."

ಗೌಡ್ರು ನನ್ನ ಕಿವಿಗೆ ಬಾಯಿ ಹಚ್ಚಿದ್ರು. "ಕಂಡ್ರ ಕಾಣ್ಲಿ ಬಿಡ್ರಿ. ಮಗನಿಗೆ ಹೆಣ್ಣು ಕೊಟ್ಟೋರ ಮುಂದ ನಾ ಸಣ್ಣಾವ ಆಗ್ಲೇನು?"

ಎಂಟರದನ್ನ ಬಂಡಿಗೆ ಏರಿಸೋವಾಗ ಬೀಗರು ನನ್ನ ಬಾಜೂಕ ಕರೆದ್ರು. "ನಮ್ಮ ಐದರದು ವಾಪಸ್ ತಗೋತೀರೇನ್ರಿ? ಕಾಲುವಿ ನೀರು ಬಂದಾಗಿಂದ ಅದನ್ನ ಚಾಲೂನ ಮಾಡಿಲ್ಲ. ಎಮ್ಮಿ ಕಟ್ಟಾಕ ಇಟ್ಕೊಂಡೀವಿ. ನಮ್ಮ ಬೀಗರಿಗೆ ಮಾತ್ರ ಹೇಳಬ್ಯಾಡ್ರಿ, ಮರ್ಯಾದಿ ಪ್ರಶ್ನೆ."

ನಾ ಹೇಳಲಿಲ್ಲ. ಸಿರುಗುಪ್ಪದಾಗಿನ ಒಂದು ಎಮ್ಮಿ ಗೂಟವನ್ನ ಸೋಲಿಸಾಕ ಎಂಟು ಎಚ್‌ಪಿ ಇಂಜಿನ್ನು ಕುರುಗೋಡಿನ ದಾರಿ ಹಿಡೀತು.