ಕಸ ಎಂಬ ಫೈಲು

ನಮ್ಮವರಿಗೆ ಸ್ಟುಡಿಯೋದಲ್ಲಿ ಇಟ್ಟ ಅಡ್ಡಹೆಸರು ಕತ್ತರಿ. ಹತ್ತೊಂಬತ್ತು ವರ್ಷದಿಂದ ಅವರದು ಒಂದೇ ಕೆಲಸ. ಕಣ್ಣಿಲ್ಲದವರಿಗೆ, ಓದಲು ಬಾರದವರಿಗೆ ಎಂದು ಯಾರಾದರೂ ಸತ್ಯವೇದವನ್ನು, ಅಂದರೆ ಬೈಬಲ್ಲನ್ನು, ಗಟ್ಟಿಯಾಗಿ ಓದುತ್ತಾರೆ, ಅದು ರೆಕಾರ್ಡ್ ಆಗುತ್ತದೆ. ಆಮೇಲೆ ನಮ್ಮವರು ಕಂಪ್ಯೂಟರಿನ ಮುಂದೆ ಕೂತು ಕೆಮ್ಮು, ಉಗುಳು ನುಂಗಿದ ಸದ್ದು, ಕುರ್ಚಿಯ ಕಿರಕಿರ, ಹಾಳೆ ಮಗುಚಿದ ಸರಸರ ಎಲ್ಲವನ್ನೂ ಕತ್ತರಿಸಿ ಎಸೆಯುತ್ತಾರೆ. ಮನೆಯಲ್ಲೂ ಅದೇ ಕಿವಿ. ನಾನು ಚಹಾ ಸೊರ್ರೆಂದು ಹೀರಿದರೆ ಮುಖ ಸಿಂಡರಿಸುತ್ತಾರೆ. "ನನ್ನನ್ನೂ ಒಂದಿಷ್ಟು ಕತ್ತರಿಸಿಬಿಡಿ" ಎಂದು ಎಷ್ಟು ಸಲ ರೇಗಿದ್ದೇನೋ.

ಬರೀ ಕಸುಬಿನ ಚಟವಾಗಿದ್ದರೆ ಸಹಿಸಬಹುದಿತ್ತು. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಬೆಳಿಗ್ಗೆ ಎದ್ದು ಅರ್ಧ ಗಂಟೆ ಮೊಣಕಾಲೂರಿ ಪ್ರಾರ್ಥನೆಗೆ ಕೂರುತ್ತಾರೆ. ಕೂತಾಗ ಇದ್ದ ಮುಖವೇ ಎದ್ದಾಗಲೂ ಇರುತ್ತದೆ. "ನಂಗೆ ಒಂದು ಸಲಾನೂ ಏನೂ ಕೇಳಿಸಿಲ್ಲ ಕಣೇ" ಎಂದು ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದರು. ಸತ್ಯವೇದ ತೆರೆದರೆ ಅಲ್ಲೂ ಮನುಷ್ಯರೇ. ಒಬ್ಬ ಜಗಳವಾಡುತ್ತಾನೆ, ಒಬ್ಬ ಹೆದರಿ ಓಡುತ್ತಾನೆ, ನಾಲ್ವರು ಒಂದೇ ಸಂಗತಿಯನ್ನು ನಾಲ್ಕು ಥರ ಹೇಳುತ್ತಾರೆ. ಇವರೆಲ್ಲ ಸ್ವಲ್ಪ ಬಾಯಿ ಮುಚ್ಚಿಕೊಂಡರೆ ದೇವರ ಮಾತು ಕೇಳಿಸೀತು ಎಂದು ನಮ್ಮವರು ನಂಬಿದ್ದರು.

ಹೀಗಿರುವಾಗ ಅದರಲ್ಲಿನ ಪತ್ರಗಳನ್ನು, ಯೇಸುವಿನ ಮಾತು ಸಾರಿದ ಅಪೊಸ್ತಲರು ಬರೆದವನ್ನು, ಓದುವ ಕೆಲಸ ನಮ್ಮಪ್ಪನಿಗೆ ಬಂತು. ಅಪ್ಪ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ದನಿ ದೊಡ್ಡದು, ಮರೆವು ಅದಕ್ಕಿಂತ ದೊಡ್ಡದು. ಸ್ಟುಡಿಯೋದ ಏಸಿಗೆ ಹೆದರಿ ಕಂದು ಸ್ವೆಟರು ಹಾಕಿಕೊಂಡು ಹೋಗುತ್ತಿದ್ದ. ಉಣ್ಣೆ ಉಜ್ಜುವ ಸದ್ದು ಮೈಕಿಗೆ ಬರುತ್ತದೆಂದು ಅಳಿಯ ಅದನ್ನು ಬಿಚ್ಚಿಸುತ್ತಿದ್ದರು. ಅಪ್ಪ ಅಲ್ಲೇ ಕುರ್ಚಿಯ ಮೇಲೆ ಮರೆತು ಬಂದು ಅಮ್ಮನಿಂದ ಬೈಸಿಕೊಳ್ಳುತ್ತಿದ್ದ.

ಒಂದು ದಿನ ಅಪ್ಪ ಒಂದು ಪತ್ರದ ಕೊನೆಯ ಭಾಗ ಓದುತ್ತಿದ್ದ. ಅದರಲ್ಲಿ ಸೆರೆಮನೆಯಲ್ಲಿರುವ ಮುದಿ ಅಪೊಸ್ತಲ, ಸಾವು ಹತ್ತಿರ ಬಂದಿದೆ ಎಂದು ಬರೆದ ಕೈಯಲ್ಲೇ, ಯಾರ ಮನೆಯಲ್ಲೋ ಬಿಟ್ಟುಬಂದ ಮೇಲಂಗಿಯನ್ನು ತಂದುಕೊಡಬೇಕೆಂದು ಕೇಳುತ್ತಾನೆ. ಅಲ್ಲಿಗೆ ಬಂದಾಗ ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಮೂಗಿನಿಂದ ಹೊರಟ ಸಣ್ಣ ನಗು, ಹಿಂದೆಯೇ ಒಂದು ಕೆಮ್ಮು, ಆಮೇಲೆ "ಅಯ್ಯೋ ಪಾಪ". ಆ ದಿನ ಊಟಕ್ಕೆ ಕೂತಾಗ ನಮ್ಮವರು ಅದನ್ನೇ ಎತ್ತಿದರು.

"ಮಾವ, ದೇವರ ವಾಕ್ಯ ಓದ್ತಾ ಯಾರಾದ್ರೂ ನಗ್ತಾರಾ?"

"ಅವನೂ ನನ್ನ ಹಾಗೇ ಮರೆಗುಳಿ ಕಣಪ್ಪ. ಅಷ್ಟು ದೊಡ್ಡ ಮನುಷ್ಯನಿಗೂ ಚಳಿ ಆಗತ್ತೆ ನೋಡು."

"ಅದೇ ನಂಗೆ ತಲೆಕೆಡೋದು. ನಾನು ದೇವರನ್ನ ಹುಡುಕ್ಕೊಂಡು ಹೋದ್ರೆ ಯಾರದೋ ಮೇಲಂಗಿ ಸಿಗತ್ತೆ."

"ಆ ಮೇಲಂಗಿ ಇದೆ ಅಂತಲೇ ನಂಗೆ ಮಿಕ್ಕಿದ್ದರ ಮೇಲೆ ನಂಬಿಕೆ" ಎಂದು ಅಪ್ಪ ಇನ್ನೊಂದು ತುತ್ತು ಬಾಯಿಗಿಟ್ಟ.

ಮೇಲಂಗಿಯ ಸಾಲು ತೆಗೆಯುವ ಅಧಿಕಾರ ನಮ್ಮವರಿಗಿರಲಿಲ್ಲ. ನಗು ತೆಗೆದರು, ಕೆಮ್ಮು ತೆಗೆದರು, "ಅಯ್ಯೋ ಪಾಪ" ತೆಗೆದರು, ಕೊನೆಗೆ ಉಸಿರನ್ನೂ ತೆಗೆದು ದನಿಯ ಒರಟನ್ನೆಲ್ಲ ಉಜ್ಜಿ ನುಣುಪು ಮಾಡಿದರು. ಏನನ್ನು ತೆಗೆಯಬೇಕೆಂದು ಕಂಪ್ಯೂಟರಿಗೆ ಗೊತ್ತಾಗಲು ಮೊದಲು ಮಾದರಿ ಕೊಡಬೇಕಂತೆ. ಅಪ್ಪನ ಉಸಿರು, ಕೆಮ್ಮು, ನಗು ಎಲ್ಲ ಒಟ್ಟು ಮಾಡಿ ನಾಲ್ಕು ನಿಮಿಷದ ಒಂದು ಫೈಲು ಮಾಡಿ ಅದಕ್ಕೆ 'ಕಸ' ಎಂದು ಹೆಸರಿಟ್ಟರು. ಮೂಲ ರೆಕಾರ್ಡಿಂಗಿನ ಪ್ರತಿ ಇಟ್ಟುಕೊಳ್ಳದೆ ಅದರ ಮೇಲೇ ಕೈಯಾಡಿಸಿದರು. ಮಾವ ಇದ್ದೇ ಇದ್ದಾರಲ್ಲ, ಬೇಕಾದರೆ ಮತ್ತೆ ಓದಿಸಿದರಾಯಿತು ಎಂಬ ಧೈರ್ಯ.

ಆ ಕೆಮ್ಮು ಬರೀ ಕೆಮ್ಮಾಗಿರಲಿಲ್ಲ. ಮೂರು ತಿಂಗಳಲ್ಲಿ ಡಾಕ್ಟರು ಅಪ್ಪನ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು. ಈಗ ಕತ್ತಿನ ತೂತಿನಿಂದ ಉಸಿರಾಡುತ್ತಾನೆ, ನಗು ಬಂದರೆ ಭುಜ ಮಾತ್ರ ಕುಣಿಯುತ್ತದೆ, ಹೇಳುವುದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಬರೆದದ್ದನ್ನು ನಾವು ಓದಿಕೊಳ್ಳುತ್ತೇವೆ. ಎರಡೂ ಕಣ್ಣು ಹೋಗಿರುವ ಅಮ್ಮ ಏನು ಮಾಡಬೇಕು? ನಲವತ್ತಾರು ವರ್ಷ ಜೊತೆಗಿದ್ದ ಗಂಡನ ದನಿ ಅವಳ ಪಾಲಿಗೆ ಉಳಿದದ್ದು ಆ ರೆಕಾರ್ಡಿಂಗಿನಲ್ಲಿ ಮಾತ್ರ. ಅದು ಯಾವಾಗ ಬರುತ್ತದೆಂದು ದಿನಾ ಕೇಳುತ್ತಿದ್ದಳು.

ಕೊನೆಗೂ ನಮ್ಮವರು ತಂದು ಹಾಕಿದರು. ಅಮ್ಮ ಹತ್ತು ನಿಮಿಷ ಕೇಳಿದಳು.

"ಚೆನ್ನಾಗಿ ಓದ್ತಾರೆ. ಯಾರಿದು? ನಿಮ್ಮಪ್ಪಂದು ಯಾವಾಗ ಬರತ್ತೆ?"

ನನಗೆ ಪಿತ್ತ ನೆತ್ತಿಗೇರಿತು. "ರೀ, ಬಾಯಿ ಬಿಟ್ಟು ಹೇಳಿ, ಯಾರು ಓದ್ತಿರೋದು ಅಂತ!" ಎಂದು ಕೂಗಿದೆ. ನಮ್ಮವರು ಕೈ ಚಾಚಿ ರೆಕಾರ್ಡಿಂಗ್ ನಿಲ್ಲಿಸಿದರು. ಅಪ್ಪ ಅಮ್ಮನ ಪಕ್ಕದಲ್ಲೇ ಮಂಚದ ಮೇಲೆ ಕೂತಿದ್ದ.

ಆಮೇಲೆ ಎರಡು ವಾರ ತೆಗೆದ ಉಸಿರನ್ನು ಮತ್ತೆ ಸೇರಿಸಲು ಒದ್ದಾಡಿದರು. ಯಾವ ಉಸಿರು ಯಾವ ಸಾಲಿನದೆಂದು ಯಾರು ಬರೆದಿಟ್ಟಿದ್ದರು? ಅಂಟಿಸಿದ್ದೆಲ್ಲ ನಾಟಕದಂತೆ ಕೇಳುತ್ತಿತ್ತು. ಕಡೆಗೆ ಕೈಚೆಲ್ಲಿ, ಆ ಕಸವನ್ನೇ ಫೋನಿಗೆ ಹಾಕಿಕೊಂಡು ಬಂದು ಅಮ್ಮನ ಕಿವಿಗೆ ಹಿಡಿದರು. ಉಸಿರು, ಕೆಮ್ಮು, ಮತ್ತೆ ಉಸಿರು. ಅಮ್ಮನ ಕೈ ತಡಕಾಡಿ ಅಪ್ಪನ ಮೊಣಕಾಲನ್ನು ಹಿಡಿಯಿತು. ಮೂಗಿನ ನಗು ಬಂತು, "ಅಯ್ಯೋ ಪಾಪ" ಬಂತು.

"ಇವರೇ ಕಣೇ! ಯಾರಿಗೆ ಪಾಪ ಅಂತಿದಾರೆ? ಮುಂದೆ ಓದಕ್ಕೆ ಹೇಳು."

ಮುಂದೆ ಇನ್ನೊಂದು ಕೆಮ್ಮು ಇತ್ತು, ಅಷ್ಟೇ. ಮಾತೆಲ್ಲ ಒಂದು ಫೈಲಿನಲ್ಲಿ, ಅಪ್ಪ ಇನ್ನೊಂದರಲ್ಲಿ. ಎರಡನ್ನೂ ಕೂಡಿಸಲು ಈ ಜನ್ಮದಲ್ಲಿ ಆಗುವುದಿಲ್ಲ.

"ತಪ್ಪಾಯ್ತು ಮಾವ" ಎಂದರು ನಮ್ಮವರು. "ಇದೆಲ್ಲ ತೆಗೆದ್ರೆ ದೇವರೊಬ್ಬನೇ ಉಳೀತಾನೆ ಅಂದ್ಕೊಂಡಿದ್ದೆ. ಯಾರೂ ಉಳೀಲಿಲ್ಲ."

ಅಪ್ಪ ನೋಟ್‌ಬುಕ್ ಎಳೆದುಕೊಂಡ. ಎಷ್ಟಾದರೂ ಮೇಷ್ಟರು, ಏನೋ ದೊಡ್ಡ ಮಾತು ಬರುತ್ತದೆಂದು ನಮ್ಮವರು ಆ ಪೆನ್ನನ್ನೇ ನೋಡುತ್ತಾ ಕೂತರು. ಬರೆದಾದ ಮೇಲೆ, ಅಮ್ಮನಿಗೂ ಕೇಳಲೆಂದು ನಾನು ಗಟ್ಟಿಯಾಗಿ ಓದಿದೆ.

"ನನ್ನ ಸ್ವೆಟರು ನಿನ್ನ ಸ್ಟುಡಿಯೋದಲ್ಲೇ ಇದೆ. ನಾಳೆ ಬರ್ತಾ ತಗೊಂಡು ಬಾ. ಚಳಿ."

ನಮ್ಮವರು ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಮೂರು ಸಾಲನ್ನು ಎರಡು ಸಲ ಓದಿದರು. ಆಮೇಲೆ ನಾಳೆಯವರೆಗೂ ಕಾಯದೆ, ಆಗಲೇ ಚಪ್ಪಲಿ ಮೆಟ್ಟಿಕೊಂಡು ಹೊರಟರು.