ಹಕ್ಕಿಭಾವನ ಭಾನುವಾರದ ನಡಿಗೆ

ಕಾಗೆ, ಗುಬ್ಬಿ ಬಿಟ್ಟರೆ ಮೂರನೆಯ ಹಕ್ಕಿಯ ಹೆಸರು ಗೊತ್ತಿಲ್ಲದ ನಮ್ಮ ಭಾವ, ಪಂಪಿನ ಅಂಗಡಿ ಮಾರಿದ ಮೇಲೆ ಏಕಾಏಕಿ ಪ್ರಕೃತಿಪ್ರೇಮಿಯಾದರು. ಮೊಣಕಾಲುದ್ದದ ಬೂಟು, ಎದೆಯ ಮೇಲೆ ದುರ್ಬೀನು, ಬಾಯಿಗೆ ಮಾತ್ರ ಬೀಗವಿಲ್ಲ. ಪ್ರತಿ ಭಾನುವಾರ ಎಳೆಮಕ್ಕಳಿಂದ ಮುದುಕರವರೆಗೆ ಎಲ್ಲರನ್ನೂ ಕೆರೆಯ ಬಯಲಿಗೆ ನಡೆಸಿಕೊಂಡು ಹೋಗಿ ಉಪನ್ಯಾಸ ಬಿಗಿಯುತ್ತಿದ್ದರು. ಇವರ ಗಂಟಲು ಕೇಳಿದ್ದೇ ತಡ, ಹಕ್ಕಿಗಳೆಲ್ಲ ಆಚೆ ದಡ ಸೇರುತ್ತಿದ್ದವು.

ಅಕ್ಕನ ಮುಖ ನೋಡಿ ಒಮ್ಮೆ ನಾನೂ ಹೋಗಿದ್ದೆ. ಅಂದಿನ ವಿಷಯ ಟಿಟ್ಟಿಭ.

"ಇದು ಗೂಡು ಕಟ್ಟಲ್ಲ, ಬಯಲಲ್ಲೇ ಮೊಟ್ಟೆ ಇಡುತ್ತೆ. ನೋಡೋಕೆ ಥೇಟ್ ಕಲ್ಲಿನ ಥರ. ನನ್ನಂಥ ಪಳಗಿದ ಕಣ್ಣಿಗೆ ಮಾತ್ರ ಕಾಣೋದು," ಎನ್ನುತ್ತಾ ಭಾವ ಹರಳುಕಲ್ಲಿನ ದಿಬ್ಬವೇರಿ ನಿಂತರು.

ಎರಡು ಟಿಟ್ಟಿಭಗಳು ಅವರ ತಲೆಯ ಮೇಲೆ ಎರಗಿ ಎರಗಿ ಚೀರತೊಡಗಿದವು.

"ನೋಡಿ, ನನ್ನ ಗುರುತು ಹಿಡಿದು ಮಾತಾಡಿಸ್ತಿವೆ."

ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದವರೇ ಬೂಟು ಬಿಚ್ಚಿ ಅಕ್ಕನ ಮುಂದೆ ಎಸೆದರು. ಅವಳು ಅಡಿಯನ್ನು ಉಜ್ಜಿದಾಗ ಹಳದಿ ಲೋಳೆ, ಅದರೊಳಗೆ ಚುಕ್ಕೆ ಚುಕ್ಕೆಯ ಸಿಪ್ಪೆ ಕೈಗೆ ಹತ್ತಿತು.

"ಇದೇನ್ರೀ, ಮೊಟ್ಟೆ ತುಳಿದುಬಿಟ್ರಾ?"

"ಕೆಸರು ಕಣೇ. ಹಕ್ಕಿ ವಿಷಯ ನೀನು ನಂಗೆ ಹೇಳಿಕೊಡ್ಬೇಡ."

ಮುಂದಿನ ಭಾನುವಾರ ದಿಬ್ಬ ಬಿಕೋ ಎನ್ನುತ್ತಿತ್ತಂತೆ. ಭಾವ ಅದರ ಮೇಲೆಯೇ ನಿಂತು, ಬೀದಿನಾಯಿಗಳು ಹಕ್ಕಿಗಳ ಸಂತಾನವನ್ನು ಹೇಗೆ ಹಾಳುಮಾಡುತ್ತಿವೆ ಎಂದು ಕಣ್ಣೊರೆಸಿಕೊಳ್ಳುತ್ತಾ ಭಾಷಣ ಮಾಡಿದರಂತೆ. ಬೂಟು ಫಳಫಳ ಹೊಳೆಯುತ್ತಿದ್ದಿರಬೇಕು. ಅಕ್ಕ ಚೆನ್ನಾಗಿಯೇ ತೊಳೆದಿದ್ದಳು.